ಐವತ್ತಮೂರನೆಯ ಗುಡ್ಡ

ಚಳಿಗಾಲದಲ್ಲಿ ಹಿಮದಿಂದಲೂ ಏಪ್ರಿಲ್‌ನಲ್ಲಿ ಕೆಸರಿನಿಂದಲೂ ಅಲಂಕೃತವಾಗುವ ಪಾರ್ಟ್ರಿಜ್ ಗುಡ್ಡದ ಸ್ಕೀ ಸಹಕಾರ ಸಂಘದ ಅಧ್ಯಕ್ಷಿಣಿಯೂ, ಊರಿನ ಗ್ರಂಥಾಲಯ, ಬೆಂಕಿ ಆರಿಸುವ ಪಂಪು ಮತ್ತು ಸಂಘದ ಸಾಮಾನಿನ ಕೋಣೆ ಈ ಮೂರರ ಬೀಗದ ಕೈಗಳ ಏಕಮಾತ್ರ ಒಡತಿಯೂ ಆದ ಮಾನ್ಯ ಡೋರ್ಕಸ್ ವಿಟ್‌ಕಮ್ ಅವರೇ. ನಲವತ್ತೊಂದು ಚಳಿಗಾಲ ಒಂದೇ ಜಾಗದಲ್ಲಿ ನಿಂತು ಈ ಊರಿನ ಮೂರು ತಲೆಮಾರನ್ನು ಹಗ್ಗಕ್ಕೆ ತೂಗುಬಿಟ್ಟ ಲಿಫ್ಟಿನ ಕುರ್ಚಿಯ ಮೇಲೆ ಕೂರಿಸಿ ಗುಡ್ಡದ ಮೇಲಕ್ಕೆ ಕಳಿಸಿದ, ಕಳಿಸಿದವರೆಲ್ಲರೂ ತಾವಾಗಿಯೇ ಕೆಳಗೆ ಬಂದರೆಂಬ ಕೀರ್ತಿಗೆ ಪಾತ್ರರಾದ, ಇಂದಿನ ಸನ್ಮಾನಿತರಾದ ಶ್ರೀ ಅಲ್ವಿನ್ ಕೊಬರ್ನ್ ಅವರೇ. ಅವರ ಪಕ್ಕದಲ್ಲಿ ಅವರ ಕೋಟನ್ನು ಮಡಿಲಲ್ಲಿಟ್ಟುಕೊಂಡು, ಅವರ ಟ್ರಕ್ಕಿನ ಕೀಲಿಯನ್ನು ತಮ್ಮ ಕೈಚೀಲದಲ್ಲಿಟ್ಟುಕೊಂಡು ಕುಳಿತಿರುವ ಅವರ ಮಗಳು ಲೊಯಿಸ್ ಅವರೇ. ಮಧ್ಯಾಹ್ನದಿಂದ ಬೀನ್ಸ್ ಬೇಯಿಸುತ್ತಿರುವ ನನ್ನ ತಾಯಿಯವರೇ. ಗೋಡೆಯ ಮೇಲಿಂದ ಉಳಿದ ಒಂದೇ ಕಣ್ಣಿನಲ್ಲಿ ನಮ್ಮೆಲ್ಲರನ್ನೂ ನೋಡುತ್ತಿರುವ ಮೂಸ್ ಜಿಂಕೆಯ ತಲೆಯೇ. ಮತ್ತು ಬೂಟಿನ ಕೆಸರನ್ನು ಬಾಗಿಲಲ್ಲೇ ಒರೆಸಿ ಬಂದಿರುವ ಹಾಗೂ ಒರೆಸದೆ ಬಂದಿರುವ ಸಕಲ ಸಭಿಕರೇ,

ಈ ಭಾಷಣಕ್ಕೆ ಇವನನ್ನೇಕೆ ಆರಿಸಿದರು ಎಂಬ ಪ್ರಶ್ನೆ ನಿಮ್ಮ ಮುಖಗಳ ಮೇಲೆ ಕಾಣುತ್ತಿದೆ. ನ್ಯಾಯವಾದ ಪ್ರಶ್ನೆ. 'ಪಾರ್ಕಿಂಗ್ ಜಾಗದಲ್ಲಿ ನಿಂತಿರುವ ಮೂಸ್‌ನ ಮಾಲೀಕರು ಕೂಡಲೇ ಬಂದು ಅದನ್ನು ಪಕ್ಕಕ್ಕೆ ಸರಿಸಬೇಕು' ಎಂದು ಲಿಫ್ಟಿನ ಧ್ವನಿವರ್ಧಕದಲ್ಲಿ ಪ್ರಕಟಿಸಿದವನು ನಾನೇ. ಎಂಟನೆಯ ವಯಸ್ಸಿನಲ್ಲಿ ಶಾಲೆಯ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು, ಹಿಂದೆ ಲಾರಿಯೊಂದು ರಿವರ್ಸ್ ಬರುತ್ತಿರುವ ಸದ್ದನ್ನು ಬಾಯಲ್ಲಿ ಮಾಡಿ, ಡ್ರೈವರು ಮೂರು ಸಲ ಇಳಿದು ನೋಡುವಂತೆ ಮಾಡಿದವನೂ ನಾನೇ. ಒಂದು ಭಾನುವಾರ ಪಾದ್ರಿಗಳ ಪ್ರವಚನದ ನಡುವೆ ಅಡುಗೆಮನೆಯ ಓವನ್ನಿನ ಗಂಟೆಯಂತೆ ಕೂಗಿ, ಮಾನ್ಯ ಅಧ್ಯಕ್ಷಿಣಿಯವರು ಬೀನ್ಸ್ ಹೊತ್ತಿತೆಂದು ಎದ್ದು ಓಡುವಂತೆ ಮಾಡಿದ್ದೂ ನನ್ನ ಕೆಲಸವೇ. ಅದಕ್ಕೆಲ್ಲ ಆಗಾಗ ಕ್ಷಮೆ ಕೇಳಿದ್ದಾಗಿದೆ. ಹಾಗಿದ್ದೂ ನಾನಿಲ್ಲಿ ನಿಂತಿರುವ ಕಾರಣ ಒಂದೇ: ಕಳೆದ ಐದು ಚಳಿಗಾಲ ಅಲ್ವಿನ್ ಅವರಿಂದ ಒಂದು ಮಾರು ದೂರದಲ್ಲಿ ನಿಂತು ಕೆಲಸ ಮಾಡಿದವನು ನಾನೊಬ್ಬನೇ.

ಅಧ್ಯಕ್ಷಿಣಿಯವರು ಬೆಳಿಗ್ಗೆ ನನ್ನನ್ನು ಕರೆದು ಹೇಳಿದರು: "ನೋಡು ರೆಮಿ, ಐದು ನಿಮಿಷ. ಪಾಸಿನ ಬಗ್ಗೆ ಎರಡು ಮಾತು, ಅಲ್ವಿನ್ ಬಗ್ಗೆ ಎರಡು ಮಾತು. ವಯಸ್ಸು ಎಲ್ರಿಗೂ ಆಗತ್ತೆ ಅನ್ನೋದನ್ನ ಸ್ವಲ್ಪ ನಯವಾಗಿ ಸೇರಿಸು. ಜೋಕ್ ಬೇಡ. ಹೇಳಿ ಕೂತ್ಕೋ."

ಸೇರಿಸುತ್ತೇನೆ. ನಯವಾಗಿಯೇ ಸೇರಿಸುತ್ತೇನೆ.

ವಿಷಯಕ್ಕೆ ಬರುವ ಮೊದಲು ಸಭಾಂಗಣದ ಆ ಮೂಲೆಗೆ ಒಮ್ಮೆ ಕಣ್ಣು ಹಾಯಿಸಬೇಕೆಂದು ಕೋರುತ್ತೇನೆ. ಅಲ್ಲಿ ಎರಡು ವಸ್ತುಗಳಿವೆ. ಒಂದು, ಹಿಮದ ತೊಟ್ಟಿ. ಗುಡ್ಡದ ಉತ್ತರದ ಪಕ್ಕದಲ್ಲಿ, ಬಿಸಿಲು ಬೀಳದ ಒಂದೇ ಒಂದು ಹಳ್ಳದಲ್ಲಿ ಉಳಿದಿದ್ದ ಹಿಮವನ್ನು ಇಂದು ಮಧ್ಯಾಹ್ನ ಸಲಿಕೆಯಲ್ಲಿ ಎತ್ತಿ ತಂದಿದ್ದೇವೆ. ಊಟವಾದ ಮೇಲೆ ಎಂದಿನಂತೆ ಅದರ ಮೇಲೆ ಮೇಪಲ್ ಮರದ ರಸದ ಬಿಸಿ ಪಾಕ ಸುರಿದು, ಉಪ್ಪಿನ ಸೌತೆಕಾಯಿಯ ಜೊತೆ ತಿನ್ನುತ್ತೇವೆ. ಪ್ರತಿ ವರ್ಷವೂ ತಿನ್ನುತ್ತೇವೆ. ಆದರೆ ಮುಂದಿನ ಚಳಿಗಾಲ ಲಿಫ್ಟು ತಿರುಗುವುದೋ ಇಲ್ಲವೋ ಯಾರಿಗೂ ತಿಳಿಯದಿರುವ ಈ ವರ್ಷ, ಒಂದು ಗುಡ್ಡದ ಕೊನೆಯ ಹಿಮವನ್ನು ನಾವೇ ಸಿಹಿ ಹಾಕಿಕೊಂಡು ತಿಂದು ಮುಗಿಸುತ್ತಿದ್ದೇವೆಯೇ ಎಂಬ ಅನುಮಾನ ನನಗಿದೆ. ತಿನ್ನಿ, ಪರವಾಗಿಲ್ಲ. ಬಿಟ್ಟರೂ ಕರಗುತ್ತದೆ.

ಎರಡನೆಯದು, ಕಳಕೊಂಡವರ ಮೇಜು. ಚಳಿಗಾಲವಿಡೀ ಕುರ್ಚಿಗಳಿಂದ ಬಿದ್ದದ್ದನ್ನೆಲ್ಲ ಹಿಮ ಬಚ್ಚಿಟ್ಟುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಒಂದೊಂದಾಗಿ ಹಿಂದಕ್ಕೆ ಕೊಡುತ್ತದೆ. ಲಿಫ್ಟಿನ ಕೆಳಗೆ ಸಾಲಾಗಿ ನಡೆದು ಅವನ್ನು ಹೆಕ್ಕಿ ತಂದು ಈ ಮೇಜಿನ ಮೇಲೆ ಹರಡುವುದು, ಊಟ ಮುಗಿಯುವುದರೊಳಗೆ ಕಳಕೊಂಡವರು ಬಂದು 'ನನ್ನದು' ಎನ್ನುವುದು, ಇದು ನಮ್ಮ ಪದ್ಧತಿ. ಈ ಸಲ ಮೂರು ಫೋನು, ಒಂದು ಸ್ಕೀ ಕೋಲು, ಒಂದು ಹಲ್ಲಿನ ಸೆಟ್ಟು (ಅದು ಯಾರದೆಂದು ಎಲ್ಲರಿಗೂ ಗೊತ್ತಿದೆ, ಅವರು ಬೀನ್ಸ್ ಅಗಿಯಲಾಗದೆ ಕುಳಿತಿದ್ದಾರೆ), ಮತ್ತು ಲಿಫ್ಟಿನ ಆರನೆಯ ಕಂಬದ ಕೆಳಗೆ ಸಿಕ್ಕಿದ ಒಂದು ನೀಲಿ ಗ್ಲೌಸು. ಎಡಗೈಯದು. ಒಳಗೆ ತಂತಿ ಹಾಯಿಸಿ ಬೆಚ್ಚಗಾಗಿಸುವ ದುಬಾರಿ ಜಾತಿಯದು. ಅಧ್ಯಕ್ಷಿಣಿಯವರು ಸಂಜೆಯಿಂದ ಮೂರು ಸಲ ಅದನ್ನು ಎತ್ತಿ ಹಿಡಿದು ಕೂಗಿದ್ದಾರೆ. ಯಾರೂ ಕೈ ಎತ್ತಿಲ್ಲ.

ಈಗ ಪಾಸಿನ ಗುಣಗಳು.

ಮೂರು ವರ್ಷದ ಹಿಂದೆ ಇದೇ ವೇದಿಕೆಯ ಮೇಲೆ, ಇಸ್ತ್ರಿ ಮಾಡಿದ ಸ್ವೆಟರ್ ಹಾಕಿಕೊಂಡ ಒಬ್ಬ ಮಹನೀಯರು ನಿಂತಿದ್ದರು. ನಿಮಗೆ ನೆನಪಿರಬಹುದು. ಆ ವರ್ಷ ಡಿಸೆಂಬರ್ ಪೂರ್ತಿ ಮಳೆ. ಲಿಫ್ಟು ನಡೆದದ್ದು ಹನ್ನೊಂದೇ ದಿನ. ಆಗ ಅವರು ಬಂದು, ಗೋಡೆಯ ಮೇಲೆ ಚಿತ್ರ ಬಿಟ್ಟು ಹೇಳಿದರು: ಒಂದೇ ಪಾಸು. ವಸಂತದಲ್ಲೇ ಕೊಳ್ಳುವುದು. ಅದೊಂದನ್ನು ಜೇಬಿನಲ್ಲಿಟ್ಟುಕೊಂಡರೆ ಈ ಕಡಲಿನಿಂದ ಆ ಕಡಲಿನವರೆಗೆ ಐವತ್ತೆರಡು ಬೆಟ್ಟಗಳ ಮೇಲೆ ಸ್ಕೀ ಆಡಬಹುದು. ನೀವೂ ಸೇರಿ. ಪಾಸು ಇರುವವರು ನಿಮ್ಮ ಬಾಗಿಲಿಗೆ ಬಂದಾಗಲೆಲ್ಲ ಯಂತ್ರದಲ್ಲಿ ಅದನ್ನು ಒತ್ತಿ ತೋರಿಸಿ. ಪ್ರತಿ ಒತ್ತಿಗೂ ನಿಮ್ಮ ಪಾಲು ನಿಮಗೆ ಬರುತ್ತದೆ. "ನಾವೆಲ್ಲ ಒಂದೇ ಕುಟುಂಬ," ಎಂದರು.

ಸಭೆಯಲ್ಲಿ ಪ್ರಶ್ನೆ ಕೇಳಿದವರು ಅಲ್ವಿನ್ ಒಬ್ಬರೇ. ವರ್ಷಕ್ಕೆ ಒಂದು ಪ್ರಶ್ನೆಯಂತೆ ಖರ್ಚು ಮಾಡುವ ಮನುಷ್ಯ, ಆ ವರ್ಷದ್ದನ್ನು ಅಂದು ಖರ್ಚು ಮಾಡಿದರು.

"ಅಲ್ಲ ಸ್ವಾಮಿ, ಐವತ್ಮೂರನೇ ಮಗೂಗೆ ಬಡಿಸೋ ಹೊತ್ತಿಗೆ ಪಾತ್ರೇಲಿ ಏನಾದ್ರೂ ಉಳ್ದಿರತ್ತಾ?"

ಎಲ್ಲರೂ ನಕ್ಕೆವು. ಮಹನೀಯರೂ ನಕ್ಕರು. ಆಮೇಲೆ ಕೈ ಎತ್ತಿ ಒಪ್ಪಿದೆವು. ಅಂದಿನಿಂದ ನಮ್ಮೂರಲ್ಲಿ ಆ ಪಾಸಿಗೆ 'ಐವತ್ಮೂರು' ಎಂದೇ ಹೆಸರು. ಪಟ್ಟಿಯ ಕಟ್ಟಕಡೆಯಲ್ಲಿ, ಸಣ್ಣ ಅಕ್ಷರದಲ್ಲಿ, ಐವತ್ತೆರಡು ಬೆಟ್ಟಗಳ ಕೆಳಗೆ ಒಂದು ಗುಡ್ಡ.

ಅದರಿಂದ ಒಳ್ಳೆಯದಾಗಲಿಲ್ಲವೇ? ಆಯಿತು. ಸುಳ್ಳು ಹೇಳಬಾರದು. ನಮ್ಮ ಹೆಸರನ್ನೇ ಕೇಳದವರು ಬಂದರು. ದೊಡ್ಡ ಬೆಟ್ಟಗಳಲ್ಲಿ ಮುಕ್ಕಾಲು ಗಂಟೆ ಸಾಲಲ್ಲಿ ನಿಂತು ಬೇಸತ್ತವರು ಬಂದು, "ಏನ್ರೀ, ಇಲ್ಲಿ ಕ್ಯೂನೇ ಇಲ್ವಲ್ಲ!" ಎಂದು ನಮ್ಮ ಬಡತನವನ್ನೇ ಹೊಗಳಿದರು. ನನ್ನ ಅಮ್ಮನ ಗೂಡಂಗಡಿಯ ಬೀನ್ಸ್ ಸಾರು ಹನ್ನೊಂದು ಗಂಟೆಗೇ ಖಾಲಿಯಾಗತೊಡಗಿತು. ಗುರುವಾರದ ಮಧ್ಯಾಹ್ನ ಶಾಲೆಯ ಮಕ್ಕಳಿಗೆ ಪುಕ್ಕಟೆ ಸ್ಕೀ ಕಲಿಸುವ ನಮ್ಮ ಹಳೆಯ ರೂಢಿ ನಿಲ್ಲದೆ ಉಳಿಯಿತು. ಮಳೆ ಬಂದರೂ, ಹಿಮ ಬರದಿದ್ದರೂ ಲಿಫ್ಟಿನ ಹಗ್ಗಕ್ಕೆ ಎಣ್ಣೆ ಬಿತ್ತು. ಹೊಸ ಬೆಟ್ಟ ನೋಡಬೇಕೆಂಬ ಬಡವರ ಮಕ್ಕಳಿಗೆ, ಒಂದು ದಿನದ ಚೀಟಿಗೇ ಜೇಬು ಖಾಲಿಯಾಗುವ ಈ ಕಾಲದಲ್ಲಿ, ಒಂದು ಪಾಸು ಇಡೀ ಚಳಿಗಾಲವನ್ನು ತೆರೆದುಕೊಟ್ಟಿತು. ಇವು ಗುಣಗಳು. ಚಪ್ಪಾಳೆ ಹೊಡೆಯುವುದಾದರೆ ಈಗ ಹೊಡೆಯಬಹುದು, ಮುಂದೆ ಅವಕಾಶವಿಲ್ಲ.

ದೋಷಗಳು. ಮೇ ತಿಂಗಳಲ್ಲಿ ಹುಲ್ಲು ಕೊಯ್ಯುತ್ತಾ ಇರುವಾಗಲೇ ಜನವರಿಯ ಹಿಮಕ್ಕೆ ದುಡ್ಡು ಕೊಡಬೇಕು. ಯಾವ ದೇವರ ಜೊತೆಗೂ ಮನುಷ್ಯ ಇಷ್ಟು ಮುಂಗಡವಾಗಿ ವ್ಯವಹಾರ ಮಾಡಿದ್ದಿಲ್ಲ. ಆಮೇಲೆ ಕೊಂಡವನಿಗೆ ನಿದ್ದೆ ಇಲ್ಲ. ಎಷ್ಟು ದಿನ ಆಡಿದರೆ ಗಿಟ್ಟುತ್ತದೆ? ಮಂಡಿ ನೋಯುತ್ತಿದ್ದರೂ ಹೋಗಬೇಕು, ಮಳೆಯಲ್ಲೂ ಹೋಗಬೇಕು, ಹೆಂಡತಿಯ ಹುಟ್ಟುಹಬ್ಬದಂದೂ ಹೋಗಬೇಕು. ನಿಜವಾಗಿ ಹಿಮ ಬಿದ್ದ, ರಜೆಯಿರುವ ದಿನ ನೋಡಿದರೆ 'ಈ ದಿನಾಂಕದಲ್ಲಿ ಈ ಪಾಸು ನಡೆಯುವುದಿಲ್ಲ' ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಮೊದಲು ಕುರ್ಚಿಯ ಮೇಲೆ ಕೂತವರು ಹಸುವಿನ ಬಗ್ಗೆ, ಮದುವೆಯ ಬಗ್ಗೆ, ಯಾರ ಮನೆಯ ಚಿಮಣಿ ಬಿತ್ತು ಎಂಬುದರ ಬಗ್ಗೆ ಮಾತಾಡುತ್ತಿದ್ದರು. ಈಗ ಮೇಲೆ ತಲುಪುವವರೆಗೂ ಭಾಗಾಕಾರ ಮಾಡುತ್ತಾರೆ.

ಇನ್ನೂ ಒಂದು ದೋಷವಿದೆ. ಐವತ್ತೆರಡು ಬೆಟ್ಟಗಳ ಬಾಗಿಲು ತೆರೆದಿರುವವನಿಗೆ ತನ್ನ ಗುಡ್ಡದ ನೆನಪು ಕಡಿಮೆಯಾಗುತ್ತದೆ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

ನನ್ನ ಅಪ್ಪನನ್ನು ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಅರ್ಧ ಜನರ ಮನೆಯ ಮಾಡು ರಿಪೇರಿ ಮಾಡಿದವನು. ಮಳೆ ಬಂದಾಗ ಉಳಿದ ಅರ್ಧ ಜನರು ನೆನೆಸಿಕೊಳ್ಳುವವನು. ನಮ್ಮ ಗುಡ್ಡ ಸೇರುವುದಕ್ಕೆ ಎಷ್ಟೋ ಮೊದಲೇ, ನನಗೆ ಹದಿನಾಲ್ಕಾಗಿದ್ದಾಗ, ಅವನು ಆ ಪಾಸು ಕೊಂಡ. ಬೆಟ್ಟಗಳ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಒಂದೊಂದು ನೋಡಿ ಬಂದಾಗಲೂ ಅದಕ್ಕೊಂದು ಕೆಂಪು ಗೀಟು.

"ಐದು ದಿನ ಆಡಿದ್ರೆ ಅಸಲು ಬಂತು, ಡೆನೀಸ್! ಆರನೇ ದಿನದಿಂದ ಎಲ್ಲಾ ಪುಕ್ಕಟೆ!"

"ಹೌದೌದು. ಈ ಪುಕ್ಕಟೆಗೆ ಟೈರ್ ಎರಡು ಸಲ ಬದಲಾಯ್ಸಿದ್ದಾಯ್ತು," ಅಮ್ಮ ಪಾತ್ರೆ ತೊಳೆಯುತ್ತಾ ಹೇಳಿದ್ದಳು.

ಫೆಬ್ರವರಿಯಲ್ಲಿ ಎರಡು ವಾರಕ್ಕೆಂದು ಪಶ್ಚಿಮಕ್ಕೆ ಹೋದ. ಏಳು ಬೆಟ್ಟದ ಯೋಜನೆ. ಐದನೆಯದು ಯೂಟಾ ರಾಜ್ಯದಲ್ಲಿ. ಅಲ್ಲಿಂದ ಫೋನು ಮಾಡಿದ.

"ಇಲ್ಲಿ ಹಿಮ ಹಿಟ್ಟಿನ ಥರ ಇದೆ ಕಣೋ ರೆಮಿ! ಊದಿದ್ರೆ ಹಾರತ್ತೆ!"

"ಯಾವಾಗ ಬರ್ತೀಯಪ್ಪಾ?"

"ಪಾಸು ಏಪ್ರಿಲ್ ತನಕ ಇದೆಯಲ್ಲೋ."

ಸಭಿಕರೇ, ಪಾಸಿನ ಅವಧಿ ಏಪ್ರಿಲ್‌ನಲ್ಲಿ ಮುಗಿಯಿತು. ಅದಾಗಿ ಒಂಬತ್ತು ವರ್ಷ. ಅವನಿಗೆ ಅಲ್ಲಿ ಈಗ ಬೇರೆ ಫ್ರಿಜ್ಜಿದೆ. ಕಳೆದ ಕ್ರಿಸ್‌ಮಸ್‌ಗೆ ಅವನಿಂದ ಒಂದು ಪಾರ್ಸೆಲ್ ಬಂದಿತ್ತು; ಒಳಗೇನಿತ್ತು ಎಂಬುದು ಇಂದಿನ ವಿಷಯವಲ್ಲ. ಅಮ್ಮಾ, ಬೀನ್ಸ್ ನೋಡು, ಇಲ್ಲಿ ನೋಡಬೇಡ.

ಆ ವರ್ಷದ ಏಪ್ರಿಲ್‌ನಲ್ಲಿ, ಇದೇ ಊಟದ ದಿನ, ನಾನು ಕಳಕೊಂಡವರ ಮೇಜಿನ ಮುಂದೆ ಬಹಳ ಹೊತ್ತು ನಿಂತಿದ್ದೆನಂತೆ. ನನಗೆ ನೆನಪಿಲ್ಲ. ನೆನಪಿರುವುದು ಅಲ್ವಿನ್ ಅವರ ಬೂಟು ಬಂದು ಪಕ್ಕದಲ್ಲಿ ನಿಂತದ್ದು.

"ಏನೋ ಕಳ್ಕೊಂಡಿದೀಯಾ?"

"ಏನೂ ಇಲ್ಲ."

"ಹ್ಞೂಂ," ಎಂದರು. ಮೇಜಿನಿಂದ ಯಾರೂ ಕೇಳದಿದ್ದ ಒಂದು ಜೊತೆ ಗ್ಲೌಸು ಎತ್ತಿ ನನ್ನ ಕೈಗೆ ತುರುಕಿದರು. "ತಗೋ. ಯಾರದ್ದೋ ಇತ್ತು, ಈಗ ನಿಂದು. ಹದಿನೆಂಟಾದ್ಮೇಲೆ ಬಾ. ಕುರ್ಚಿ ಹಿಡ್ಯೋಕೆ ಒಬ್ರು ಬೇಕು."

ಹದಿನೆಂಟಾದ ಮಾರನೆಯ ದಿನ ಹೋದೆ.

ಅವರ ಕೆಲಸ ನೋಡಿದವರಿಗೆ ನಾನು ವರ್ಣಿಸಬೇಕಾಗಿಲ್ಲ. ಪಾಸು ಬರುವ ಮೊದಲು ಎಲ್ಲರ ಜಾಕೆಟಿನ ಜಿಪ್ಪಿನಲ್ಲಿ ಕಾಗದದ ಚೀಟಿ ನೇತಾಡುತ್ತಿತ್ತು. ಅದಕ್ಕೆ ಅಲ್ವಿನ್ ತಮ್ಮ ಇಕ್ಕಳದಿಂದ ತೂತು ಹಾಕುತ್ತಿದ್ದರು. ಪಾರ್ಟ್ರಿಜ್ ಎಂದರೆ ಕೌಜುಗದ ಹಕ್ಕಿಯಲ್ಲವೇ, ಅದರ ಆಕಾರದ ಸಣ್ಣ ತೂತು. ತೂತು ಹಾಕುವಾಗ ಒಬ್ಬೊಬ್ಬರಿಗೂ ಒಂದು ಮಾತು. "ಮಂಡಿ ಹೇಗಿದೆ?" "ಕರು ಹಾಕ್ತಾ?" "ಅವ್ನು ವಾಪಸ್ ಬಂದ್ನಾ?" ನಾಲ್ಕು ಸೆಕೆಂಡು. ಅಷ್ಟರಲ್ಲಿ ಕುರ್ಚಿ ಬಂದು ಎತ್ತಿಕೊಂಡು ಹೋಗುತ್ತದೆ. ಉತ್ತರವನ್ನು ಮುಂದಿನ ಸುತ್ತಿನಲ್ಲಿ ಕೊಡಬೇಕು. ಈ ಊರಿನ ಅರ್ಧ ಸುದ್ದಿ ಹಾಗೆ ಕಂತು ಕಂತಾಗಿ ಗುಡ್ಡ ಹತ್ತಿ ಇಳಿದಿದೆ.

ಆಮೇಲೆ ಯಂತ್ರ ಬಂತು. ಕೈಯಲ್ಲಿ ಹಿಡಿಯುವಂಥದ್ದು, ಪಿಸ್ತೂಲಿನ ಆಕಾರ. ಪಾಸಿನ ಹತ್ತಿರ ಹಿಡಿದು ಹೆಬ್ಬೆರಳಲ್ಲಿ ಒತ್ತಿದರೆ ಹಸಿರು ದೀಪ ಹತ್ತಿ ಬೀಪ್ ಎನ್ನಬೇಕು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಇದನ್ನು ಕಲಿಯಲು ಅಲ್ವಿನ್ ಅದನ್ನು ಮನೆಗೆ ಒಯ್ದು ಇಡೀ ವಾರ ಅಡುಗೆಮನೆಯ ಸಾರಿನ ಡಬ್ಬಿಗಳಿಗೆಲ್ಲ ಒತ್ತಿ ಅಭ್ಯಾಸ ಮಾಡಿದರೆಂದು ಲೊಯಿಸ್ ಅವರೇ ಹೇಳಿದ್ದಾರೆ. ಹಸಿರು ದೀಪ ಅವರಿಗೆ ಕಾಣುತ್ತಿರಲಿಲ್ಲ. ಅವರ ಕನ್ನಡಕದ ಗಾಜು ಕಿತ್ತಳೆ ಬಣ್ಣದ್ದು, ಬಿಸಿಲಿಗೆ ಹಿಮದ ಮೇಲೆ ಎಲ್ಲ ದೀಪವೂ ಒಂದೇ. ಹಾಗಾಗಿ ಅವರು ನೆಚ್ಚಿದ್ದು ಬೀಪನ್ನು. ಬೀಪ್ ಕೇಳುವವರೆಗೆ ಯಾರನ್ನೂ ಮುಂದೆ ಬಿಡುತ್ತಿರಲಿಲ್ಲ. ಪಾದ್ರಿಗಳನ್ನೂ ಬಿಡಲಿಲ್ಲ. ಸ್ವಂತ ಮಗಳಿಂದಲೂ ಮೂರು ಸಲ ಜೇಬು ಬಿಚ್ಚಿಸಿದರು. "ಕೂಗ್ಲಿಲ್ಲ ಕಣಮ್ಮ, ಇನ್ನೊಂದ್ಸಲ."

ಈ ಜನವರಿಯ ಕೊರೆಯುವ ಚಳಿ ನಿಮಗೆ ನೆನಪಿದೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ನಾವೆಲ್ಲ ಕಣ್ಣು ಮಾತ್ರ ಬಿಟ್ಟು ಮೂಗು ಬಾಯಿಗೆಲ್ಲ ಬಟ್ಟೆ ಸುತ್ತಿಕೊಂಡು, ಯಾರು ಯಾರೆಂದು ನಡಿಗೆಯಿಂದ ಗುರುತಿಸುತ್ತಿದ್ದ ದಿನಗಳು. ಆ ಚಳಿಯಲ್ಲೂ ಅಲ್ವಿನ್ ಅವರ ಹೆಬ್ಬೆರಳು ಒತ್ತುತ್ತಲೇ ಇತ್ತು, ಬೀಪು ಕೇಳುತ್ತಲೇ ಇತ್ತು. ಫೆಬ್ರವರಿಯ ಎರಡನೆಯ ವಾರ ಯಂತ್ರದ ದನಿ ಒಡೆಯಿತು. ಕರ್ಕಶವಾಯಿತು, ನಡುನಡುವೆ ಕೆಮ್ಮಿದಂತಾಯಿತು. ನಾವೆಲ್ಲ ಶೀತದಿಂದ ಮಲಗೆದ್ದ ವಾರ ಅದು. ನನಗಂತೂ ನಾಲ್ಕು ದಿನ ಗಂಟಲೇ ಇರಲಿಲ್ಲ.

"ಪಾಪ, ಇದಕ್ಕೂ ಚಳಿ ಹತ್ಕೊಂಡಿದೆ," ಎಂದರು ಅಲ್ವಿನ್. ಮಾರನೆಯ ದಿನ ಮನೆಯಿಂದ ಒಂದು ಬೂದು ಬಣ್ಣದ ಉಣ್ಣೆಯ ಕಾಲುಚೀಲ ತಂದು, ತುದಿ ಕತ್ತರಿಸಿ, ಯಂತ್ರಕ್ಕೆ ತೊಡಿಸಿದರು. ಹೆಂಡತಿ ಬದುಕಿದ್ದಾಗ ಹೆಣೆದದ್ದಂತೆ. ವಾರದೊಳಗೆ ದನಿ ಸರಿಹೋಯಿತು.

"ನೋಡ್ದಾ? ಯಂತ್ರ ಆದ್ರೇನು, ಬೆಚ್ಚಗಿಟ್ರೆ ಮಾತಾಡತ್ತೆ," ಎಂದು ನನ್ನ ಕಡೆ ತಿರುಗಿ ಹೇಳಿದರು. ನಾನು ತಲೆಯಾಡಿಸಿದೆ. ಸಂಜೆ ಎಂದಿನಂತೆ ಯಂತ್ರವನ್ನು ಅವರ ಕೈಯಿಂದ ತೆಗೆದುಕೊಂಡು ಕಚೇರಿಯ ಚಾರ್ಜಿಂಗ್ ತೊಟ್ಟಿಲಲ್ಲಿ ಮಲಗಿಸಿ ಬಂದೆ. ಅದು ನನ್ನ ಪಾಲಿನ ಕೆಲಸವಾಗಿತ್ತು.

ಮಾರ್ಚಿನಲ್ಲಿ ಪತ್ರ ಬಂತು. ಇಸ್ತ್ರಿ ಸ್ವೆಟರಿನವರು ಬರಲಿಲ್ಲ, ಪತ್ರ ಬಂತು. ಕುಟುಂಬದಿಂದ ಹೊರಹಾಕುವಾಗ ಯಾರೂ ಖುದ್ದಾಗಿ ಬರುವುದಿಲ್ಲ. ಪಾರ್ಟ್ರಿಜ್ ಗುಡ್ಡಕ್ಕೆ ಈ ಚಳಿಗಾಲ ಬಂದವರು ತೀರ ಕಡಿಮೆ; ಇಷ್ಟು ಕಡಿಮೆ ಜನ ಬರುವ ಜಾಗವನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಲಾಗದು; ಶುಭವಾಗಲಿ. ಮಕ್ಕಳ ಇಳಿಜಾರಿನ ಬಾಗಿಲಲ್ಲಿ ಎಣಿಕೆ ಸರಿಯಾಗಿತ್ತು. ದೊಡ್ಡ ಲಿಫ್ಟಿನ ಬಾಗಿಲಲ್ಲಿ, ಅಲ್ವಿನ್ ಅವರ ಬಾಗಿಲಲ್ಲಿ, ಜನವರಿಯ ನಡುವಿನಿಂದ ಮಾರ್ಚಿನವರೆಗೆ ಏಳು ವಾರ, ಒಬ್ಬರೂ ಬಂದಿರಲಿಲ್ಲ.

ಒಬ್ಬರೂ ಬಂದಿರಲಿಲ್ಲ! ನೀವೆಲ್ಲ ಬಂದಿದ್ದಿರಿ. ಬಾಸ್ಟನ್ ನಗರದವರೂ ಬಂದಿದ್ದರು. ಅಮ್ಮನ ಸಾರು ಹನ್ನೊಂದಕ್ಕೆ ಖಾಲಿಯಾಗಿತ್ತು. ಹಾಗಾದರೆ ಏನಾಯಿತು?

ಪತ್ರದ ಬಗ್ಗೆ ಮಂಗಳವಾರ ಸೇರಿದ ಸಂಘದ ಸಭೆಯಲ್ಲಿ ಯಾರೂ ಕೆಟ್ಟ ಮಾತಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಎಲ್ಲರೂ ಮೆತ್ತಗೆ ಮಾತಾಡಿದಿರಿ. "ಅಲ್ವಿನ್ನಿಗೂ ಎಪ್ಪತ್ನಾಲ್ಕಾಯ್ತು." "ಚಳೀಲಿ ಬೆರಳು ಮರಗಟ್ಟಿರತ್ತೆ ಪಾಪ, ಒತ್ತಿದ್ದು ಎಲ್ಲಿಗೋ ಏನೋ." "ನನ್ನ ಮಾವನೂ ಹೀಗೇ ಶುರುವಾಗಿದ್ದು." ಕೊನೆಗೆ ಅಲ್ವಿನ್ ಎದ್ದು ನಿಂತರು. ಟೋಪಿ ಕೈಯಲ್ಲಿತ್ತು.

"ಒತ್ತಿದ್ದೆ ಅನ್ಕೊಂಡಿದ್ದೆ," ಎಂದರು. ಆಮೇಲೆ, "ಬೀಪ್ ಕೇಳಿಸ್ತು ಅಂತಾನೂ ಅನ್ಕೊಂಡಿದ್ದೆ. ಏಳು ವಾರ ಕೇಳಿಸ್ತು. ಇಲ್ದೇ ಇರೋದು ಕೇಳ್ಸೋಕೆ ಶುರುವಾದ್ರೆ ಮನುಷ್ಯ ಲಿಫ್ಟ್ ಹತ್ರ ನಿಲ್ಬಾರ್ದು. ಮಕ್ಕಳು ಹತ್ತೋ ಜಾಗ."

ನಾನು ಹಿಂದಿನ ಸಾಲಿನಲ್ಲಿದ್ದೆ. ನಾನು ಎದ್ದು ನಿಲ್ಲಲಿಲ್ಲ.

ಮಾರನೆಯ ದಿನ ಮಗಳನ್ನು ಕರೆಸಿಕೊಂಡು ಟ್ರಕ್ಕಿನ ಕೀಲಿಯನ್ನು ಅವಳಿಗೆ ಒಪ್ಪಿಸಿದರು. ಡಾಕ್ಟರರ ಹತ್ತಿರ ತಾವಾಗಿಯೇ ಹೋದರು. ಗಡಿಯಾರದ ಚಿತ್ರ ಬರೆಯಿರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದರಂತೆ. ಗೆರೆ ಎಳೆದಂತೆ ಬರೆದುಕೊಟ್ಟರಂತೆ. ಎಲ್ಲ ಸರಿಯಿದೆಯಲ್ಲ ಎಂದು ಡಾಕ್ಟರು ಹೇಳಿದ್ದಕ್ಕೆ, "ಬರ್ದಿದ್ದು ಸರಿ ಡಾಕ್ಟ್ರೇ, ಆದ್ರೆ ಅದು ಟಿಕ್ ಟಿಕ್ ಅಂದ್ರೆ ನಾನು ನಂಬ್ಬೇಕೋ ಬೇಡ್ವೋ?" ಎಂದು ಕೇಳಿದರಂತೆ. ಲೊಯಿಸ್ ಇದನ್ನು ನಗುತ್ತಾ ಹೇಳಲು ಶುರುಮಾಡಿ ನಗದೆ ಮುಗಿಸಿದರು. ಈಗ ಮನೆಯಲ್ಲಿ ಫೋನು ರಿಂಗಾದರೆ, ಅದು ನಿಜವಾಗಿ ರಿಂಗಾಗುತ್ತಿದೆಯೇ ಎಂದು ಮೊದಲು ಮಗಳನ್ನು ಕೇಳುತ್ತಾರೆ. ಬರುವ ಶನಿವಾರ ಕನೆಕ್ಟಿಕಟ್‌ನಲ್ಲಿರುವ ಅವಳ ಮನೆಗೆ ಹೊರಟಿದ್ದಾರೆ. ಅಲ್ಲಿ ಗುಡ್ಡವಿಲ್ಲ. ಅವಳ ಮನೆಯ ಹಿಂದೆ ಒಂದು ದಿಬ್ಬವಿದೆಯಂತೆ, ಅದೂ ಪಕ್ಕದವರದ್ದು.

ಇದೀಗ ವಯಸ್ಸಿನ ಬಗ್ಗೆ ನಯವಾಗಿ ಸೇರಿಸುವ ಮಾತು. ವಯಸ್ಸು ಎಲ್ಲರಿಗೂ ಆಗುತ್ತದೆ. ಇಪ್ಪತ್ತಮೂರು ಆದವನಿಗೂ ಆಗುತ್ತದೆ. ಕೆಲವು ಮಂಗಳವಾರಗಳಲ್ಲಿ ಒಂದೇ ರಾತ್ರಿಗೆ ಹತ್ತು ವರ್ಷ ಆಗುತ್ತದೆ.

ಸಂಘದ ಪರವಾಗಿ ಅಲ್ವಿನ್ ಅವರಿಗೆ ಅವರದೇ ಹಳೆಯ ಇಕ್ಕಳವನ್ನು ಮೇಪಲ್ ಹಲಗೆಯ ಮೇಲೆ ಕೂರಿಸಿ ನೆನಪಿನ ಕಾಣಿಕೆಯಾಗಿ ಕೊಡುತ್ತಿದ್ದೇವೆ. ಈ ಹಲಗೆ ಕೊಟ್ಟವರಿಗೆ, ಕೊರೆದವರಿಗೆ, ಅಕ್ಷರ ತಪ್ಪಿಲ್ಲದೆ ಬರೆದವರಿಗೆ ವಂದನೆ. ಬೀನ್ಸ್ ಬೇಯಿಸಿದ ಕೈಗಳಿಗೆ, ಹಿಮ ಹೊತ್ತ ಹೆಗಲುಗಳಿಗೆ ವಂದನೆ. ಐದು ನಿಮಿಷವೆಂದು ಹೇಳಿ ಇಷ್ಟು ಹೊತ್ತು ತಡೆದುಕೊಂಡ ಅಧ್ಯಕ್ಷಿಣಿಯವರಿಗೆ ವಿಶೇಷ ವಂದನೆ.

ಕೂರುವ ಮೊದಲು ಒಂದು ಸಣ್ಣ ವಿಷಯ. ಪಾಸಿಗೂ ಗುಣದೋಷಗಳಿಗೂ ಸಂಬಂಧಿಸಿದ್ದಲ್ಲ. ಕಳಕೊಂಡವರ ಮೇಜಿಗೆ ಸಂಬಂಧಿಸಿದ್ದು. ಊಟ ಮುಗಿಯುವುದರೊಳಗೆ ಹೇಳಬೇಕೆಂಬ ಪದ್ಧತಿ ಇರುವುದರಿಂದ ಹೇಳುತ್ತಿದ್ದೇನೆ.

ಆ ನೀಲಿ ಗ್ಲೌಸು ನನ್ನದು. ಕ್ರಿಸ್‌ಮಸ್‌ಗೆ ಅಪ್ಪ ಕಳಿಸಿದ್ದು. ಬೆಚ್ಚಗಾಗುವ ಗ್ಲೌಸು, ಬ್ಯಾಟರಿ ಮಾತ್ರ ಕಳಿಸಿರಲಿಲ್ಲ; ನಾವೇ ಕೊಳ್ಳಬೇಕಂತೆ. ಅದರ ಮಣಿಕಟ್ಟಿನ ಹತ್ತಿರ ಒಂದು ಸಣ್ಣ ಜಿಪ್ಪಿದೆ. ಡೋರ್ಕಸ್ ಅವರೇ, ದಯವಿಟ್ಟು ಅದನ್ನು ಎಳೆಯಿರಿ. ಒಳಗೆ ಒಂದು ಬ್ಯಾಟರಿ ಸಿಗುತ್ತದೆ. ಗ್ಲೌಸು ನನ್ನದು. ಬ್ಯಾಟರಿ ನನ್ನದಲ್ಲ. ಅದು ಅಲ್ವಿನ್ ಅವರ ಕೈಯ ಯಂತ್ರದ್ದು.

ಒಂದೇ ದಿನಕ್ಕೆಂದು ತೆಗೆದಿದ್ದೆ. ಇಪ್ಪತ್ತು ಡಿಗ್ರಿ ಕೆಳಗಿದ್ದ ದಿನ. ಅಪ್ಪ ಕೊಟ್ಟದ್ದು ಒಂದು ಸಲವಾದರೂ ಬೆಚ್ಚಗಾಗಲಿ ಎನ್ನಿಸಿತು. ಅಂದು ಮಧ್ಯಾಹ್ನವೇ ಆರನೆಯ ಕಂಬದ ಹತ್ತಿರ ಕುರ್ಚಿಯಿಂದ ಬಿತ್ತು, ರಾತ್ರಿ ಎರಡು ಅಡಿ ಹಿಮ ಬಿತ್ತು. ಇನ್ನೊಂದು ಬ್ಯಾಟರಿ ಬೇಕೆಂದರೆ ಬೀಗದ ಕೈಗಳ ಒಡತಿಯನ್ನು ಕೇಳಬೇಕಿತ್ತು, ಯಾಕೆಂದು ಹೇಳಬೇಕಿತ್ತು. ಅದರ ಬದಲು ಬಾಯಿಗೆ ಸುತ್ತಿದ್ದ ಬಟ್ಟೆಯೊಳಗಿಂದ ನಾನು ಇನ್ನೊಂದು ದಾರಿ ಹುಡುಕಿದೆ. ಮೊದಲ ದಿನ ತಮಾಷೆಯಾಗಿತ್ತು. ಕಾಲುಚೀಲ ತೊಡಿಸಿದ ದಿನದಿಂದ ಇರಲಿಲ್ಲ. ಬಾಯಲ್ಲಿ ಮಾಡಿದ್ದನ್ನು ಯಾವ ಕಂಪನಿಯೂ ಎಣಿಕೆಗೆ ಹಿಡಿಯುವುದಿಲ್ಲ ಎಂದು ನನಗೆ ಗೊತ್ತು. ಗುಡ್ಡವನ್ನು ನಾನು ವಾಪಸ್ ಕೊಡಲಾರೆ.

ಅಲ್ವಿನ್ ಅಜ್ಜಾ, ನಿಮ್ಮ ಹೆಬ್ಬೆರಳು ಸರಿಯಿದೆ. ನಿಮ್ಮ ಕಿವಿ ಸರಿಯಿದೆ. ನೀವು ಒಂದೂ ಬಿಡದೆ ಒತ್ತಿದ್ದೀರಿ, ಕೇಳಿಸಿದ್ದೆಲ್ಲವೂ ನಿಜವಾಗಿ ಕೇಳಿಸಿದ್ದೇ. ಲೊಯಿಸ್ ಅಕ್ಕಾ, ಆ ಟ್ರಕ್ಕಿನ ಕೀಲಿ ಕೊಟ್ಟುಬಿಡಿ.

ನಂಬಿಕೆ ಬಾರದವರು ಒಂದು ಕ್ಷಣ ಕಣ್ಣು ಮುಚ್ಚಿ ಕೇಳಬೇಕೆಂದು ಪ್ರಾರ್ಥನೆ. ಮೈಕು ಕೆಟ್ಟಿಲ್ಲ, ಯಾರೂ ಎದ್ದು ನೋಡಬೇಕಾಗಿಲ್ಲ.

ಬೀಪ್.

ನಮಸ್ಕಾರ.